ಸೈಗೊ ತಕಾಮೊರಿ: ಸಮುರಾಯ್ ವರ್ಗವನ್ನು ಕೊನೆಗಾಣಿಸಿದ ಸರ್ಕಾರದಲ್ಲಿದ್ದವನೇ ಅವರ ಕೊನೆಯ ನಾಯಕನಾದ ಕಥೆ

ಇತಿಹಾಸವನ್ನು ಸ್ವಲ್ಪ ಲೆಕ್ಕದ ಪುಸ್ತಕದ ಕಡೆಯಿಂದ ನೋಡೋ ನಮ್ಮ ಪಾಡ್‌ಕಾಸ್ಟ್‌ಗೆ ಸ್ವಾಗತ. ಇವತ್ತು ಜಪಾನಿಗೆ ಹೋಗೋಣ.

2003ರಲ್ಲಿ ಬಂದ 'ದಿ ಲಾಸ್ಟ್ ಸಮುರಾಯ್' ಸಿನಿಮಾ ನಿಮ್ಮಲ್ಲಿ ತುಂಬಾ ಜನ ನೋಡಿರ್ತೀರಿ. ಟಾಮ್ ಕ್ರೂಸ್ ಇದ್ದಾರಲ್ಲ, ಅದೇ. ಅದರಲ್ಲಿ ಕತ್ಸುಮೊಟೊ ಅನ್ನೋ ಸಮುರಾಯ್ ನಾಯಕ ಬರ್ತಾನೆ. ಹಳೇ ಕಾಲದ ಕವಚ ತೊಟ್ಟು, ಕತ್ತಿ ಹಿರಿದು, ಸರ್ಕಾರದ ಮೆಷಿನ್ ಗನ್‌ಗಳ ಎದುರಿಗೆ ಕುದುರೆ ಓಡಿಸ್ತಾನೆ. ಆ ಪಾತ್ರಕ್ಕೆ ಪ್ರೇರಣೆ ಒಬ್ಬ ನಿಜವಾದ ಮನುಷ್ಯ. ಹೆಸರು ಸೈಗೊ ತಕಾಮೊರಿ.

ನಿಜವಾದ ಸೈಗೊ ಯುದ್ಧಕ್ಕೆ ಹೊರಟಾಗ ತೊಟ್ಟಿದ್ದು ಕವಚವಲ್ಲ, ಜಪಾನ್ ಸೇನೆಯ ಜನರಲ್ ಯೂನಿಫಾರ್ಮ್. ಆಗ ಇಡೀ ದೇಶದ ಸೇನೆಯಲ್ಲಿ ಪೂರ್ಣ ಜನರಲ್ ಪದವಿ ಇದ್ದವನು ಅವನೊಬ್ಬನೇ. ಅವನ ಸೈನಿಕರ ಕೈಯಲ್ಲಿ ರೈಫಲ್ ಇತ್ತು, ಜೊತೆಗೆ ಫಿರಂಗಿಗಳಿದ್ದವು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಸಮುರಾಯ್ ಅನ್ನೋ ವರ್ಗವನ್ನೇ ಕೊನೆಗಾಣಿಸಿದ ಸರ್ಕಾರದಲ್ಲಿ ಅತ್ಯಂತ ಎತ್ತರದ ಕುರ್ಚಿಯಲ್ಲಿ ಕೂತಿದ್ದವರಲ್ಲಿ ಸೈಗೊ ಒಬ್ಬ. ಹಾಗಿದ್ರೆ ಅದೇ ಸಮುರಾಯ್‌ಗಳ ಮುಂದೆ ನಿಂತು ಅವನು ಸತ್ತಿದ್ದು ಯಾಕೆ? ಇವತ್ತಿನ ಪ್ರಶ್ನೆ ಇದೇ.

ನಾನು ಓದಿದ್ದು ಬಿ.ಕಾಂ. ಹಾಗಾಗಿ ಕತ್ತಿ, ಮಾನ, ಮರ್ಯಾದೆ ಎಲ್ಲದಕ್ಕೂ ಮೊದಲು ನನಗೆ ಕಾಣೋದು ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು ಅನ್ನೋದು. ಅಲ್ಲಿಂದಲೇ ಶುರು ಮಾಡ್ತೀನಿ.

ಸಮುರಾಯ್ ಅಂದ್ರೆ ಯಾರು? ಯೋಧ ಅಂತೀವಿ. ಆದರೆ 1600ರ ನಂತರ ತೊಕುಗಾವಾ ಶೋಗನ್‌ಗಳ ಆಳ್ವಿಕೆಯಲ್ಲಿ ಜಪಾನ್ ಎರಡೂವರೆ ಶತಮಾನ ಹೆಚ್ಚುಕಡಿಮೆ ಶಾಂತವಾಗಿತ್ತು. ಯುದ್ಧವೇ ಇಲ್ಲ ಅಂದ ಮೇಲೆ ಯೋಧ ಏನು ಮಾಡ್ತಾನೆ? ಕಚೇರಿಗೆ ಹೋಗ್ತಾನೆ. ಬಹುಪಾಲು ಸಮುರಾಯ್‌ಗಳು ಗುಮಾಸ್ತರು, ತೆರಿಗೆ ಅಧಿಕಾರಿಗಳು, ಕಾವಲುಗಾರರು. ಅವರಿಗೆ ಸಂಬಳ ಅಕ್ಕಿಯಲ್ಲಿ. ಅಳತೆಯ ಹೆಸರು 'ಕೊಕು'. ಒಂದು ಕೊಕು ಅಂದ್ರೆ ಸುಮಾರು 150 ಕೆ.ಜಿ. ಅಕ್ಕಿ, ಒಬ್ಬ ಮನುಷ್ಯನಿಗೆ ಒಂದು ವರ್ಷದ ಊಟ ಅಂತ ಲೆಕ್ಕ. ಈ ಸಂಬಳ ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಬರುತ್ತಾ ಹೋಗ್ತಿತ್ತು. ಕೆಲಸ ಇರಲಿ ಬಿಡಲಿ, ಅಕ್ಕಿ ಮನೆಗೆ ಬರ್ತಿತ್ತು. ಆ ಅಕ್ಕಿ ಬೆಳೆದು ಕೊಡ್ತಿದ್ದವನು ರೈತ.

ಸೈಗೊ ಹುಟ್ಟಿದ್ದು 1828ರ ಜನವರಿಯಲ್ಲಿ, ಜಪಾನಿನ ದಕ್ಷಿಣ ತುದಿಯ ಕಾಗೊಶಿಮಾ ಊರಿನಲ್ಲಿ. ಅದು ಸತ್ಸುಮಾ ಸಂಸ್ಥಾನದ ರಾಜಧಾನಿ. ಜಪಾನಿನ ಒಟ್ಟು ಜನಸಂಖ್ಯೆಯಲ್ಲಿ ಸಮುರಾಯ್ ಮನೆತನದವರು ಶೇ. 5-6ರಷ್ಟು ಇದ್ದರೆ, ಸತ್ಸುಮಾದಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ಸಮುರಾಯ್. ಅಷ್ಟು ಜನರಿಗೆ ಸಂಬಳ ಕೊಡೋದು ಹೇಗೆ? ತುಂಬಾ ಜನ ಹಳ್ಳಿಯಲ್ಲಿದ್ದು ತಾವೇ ಗದ್ದೆ ಉಳ್ತಿದ್ದರು. ಕತ್ತಿ ಸೊಂಟದಲ್ಲಿ, ಕೈಯಲ್ಲಿ ನೇಗಿಲು. ಸೈಗೊನ ಅಪ್ಪ ಸಂಸ್ಥಾನದ ಲೆಕ್ಕಪತ್ರ ಕಚೇರಿಯಲ್ಲಿ ಸಣ್ಣ ನೌಕರ. ಏಳು ಮಕ್ಕಳು, ಸೈಗೊ ಹಿರಿಯವನು. ಮನೆಯಲ್ಲಿ ಸಾಲ. ಅಪ್ಪ ಅಮ್ಮ ಇಬ್ಬರೂ 1852ರಲ್ಲಿ ತೀರಿಕೊಂಡರು. ಆ ಹಳೇ ಸಾಲವನ್ನು ದಶಕಗಳಾದ ಮೇಲೆ, ದೊಡ್ಡ ಹುದ್ದೆಗೆ ಬಂದ ನಂತರ, ಸೈಗೊ ಬಡ್ಡಿ ಸಮೇತ ತೀರಿಸಿದ.

ಇದನ್ನು ಯಾಕೆ ಹೇಳಿದೆ ಅಂದ್ರೆ, ಅದೇ ಸಮಯದಲ್ಲಿ ಅವನ ಸಂಸ್ಥಾನ ಏನು ಮಾಡಿತ್ತು ನೋಡಿ. 1830ರ ದಶಕದ ಹೊತ್ತಿಗೆ ಸತ್ಸುಮಾದ ಸಾಲ 50 ಲಕ್ಷ ರ್ಯೊ ಮುಟ್ಟಿತ್ತು. ರ್ಯೊ ಅಂದ್ರೆ ಆಗಿನ ಚಿನ್ನದ ನಾಣ್ಯ. ಝುಶೊ ಹಿರೊಸಾತೊ ಅನ್ನೋ ಅಧಿಕಾರಿ ಒಸಾಕಾದ ಸಾಲಗಾರರ ಮುಂದೆ ಒಂದು ಪ್ಲ್ಯಾನ್ ಇಟ್ಟ. ಬಡ್ಡಿ ಇಲ್ಲ. ಅಸಲನ್ನು ಕಂತಿನಲ್ಲಿ ಕೊಡ್ತೀವಿ. ಎಷ್ಟು ವರ್ಷದ ಕಂತು? 250 ವರ್ಷ! ಸಾಲ ಕೊಟ್ಟವನ ಮರಿಮೊಮ್ಮಗನ ಮರಿಮೊಮ್ಮಗನಿಗೂ ಪೂರ್ತಿ ಸಿಗಲ್ಲ. ಕಾಮರ್ಸ್ ಭಾಷೆಯಲ್ಲಿ ಹೇಳೋದಾದರೆ ಇದು ದಿವಾಳಿ, ಆದರೆ ಕತ್ತಿ ಇದ್ದವರ ದಿವಾಳಿ.

ಇನ್ನೊಂದು ಕಡೆಯಿಂದ ದುಡ್ಡು ಹಿಂಡಿದ್ದು ಸಕ್ಕರೆಯಿಂದ. ಸತ್ಸುಮಾದ ಕೈಕೆಳಗೆ ಅಮಾಮಿ ಒಶಿಮಾ ಮತ್ತು ಸುತ್ತಲಿನ ದ್ವೀಪಗಳಿದ್ದವು. ಅಲ್ಲಿನ ಜನ ಕಬ್ಬು ಬೆಳೆಯಲೇಬೇಕು, ಸಕ್ಕರೆಯನ್ನು ಸಂಸ್ಥಾನಕ್ಕೇ ಕೊಡಬೇಕು, ಸಂಸ್ಥಾನ ಹೇಳಿದ ದರಕ್ಕೆ. ಕದ್ದು ಮಾರಿದರೆ ಕಠಿಣ ಶಿಕ್ಷೆ. ಈ ಸಕ್ಕರೆ ನೆನಪಿರಲಿ, ಕಥೆಯಲ್ಲಿ ಇನ್ನೊಮ್ಮೆ ಬರುತ್ತೆ.

ಸೈಗೊ ಹದಿನೇಳರ ಆಸುಪಾಸಿನಲ್ಲಿ ಕೆಲಸಕ್ಕೆ ಸೇರಿದ್ದು ಹಳ್ಳಿಗಳ ಕಂದಾಯ ನೋಡೋ ಕಚೇರಿಗೆ, ಗುಮಾಸ್ತನಾಗಿ. ಸುಮಾರು ಹತ್ತು ವರ್ಷ ಅದೇ ಕೆಲಸ. ಬೆಳೆ ಹೋದ ವರ್ಷವೂ ತೆರಿಗೆ ಹೇಗೆ ಕೀಳ್ತಾರೆ ಅನ್ನೋದನ್ನು ಕಣ್ಣಾರೆ ಕಂಡವನು. ಆಮೇಲೆ ಹೊಸ ದೊರೆ ಶಿಮಾಜು ನಾರಿಯಾಕಿರಾ ಅವನನ್ನು ಗುರುತಿಸಿ 1854ರಲ್ಲಿ ಎಡೊಗೆ, ಅಂದ್ರೆ ಇವತ್ತಿನ ಟೋಕಿಯೊಗೆ ಕರೆದುಕೊಂಡು ಹೋದ. ಅದಕ್ಕೆ ಒಂದು ವರ್ಷ ಮೊದಲು, 1853ರಲ್ಲಿ, ಅಮೆರಿಕದ ಪೆರಿ ಹಡಗುಗಳ ಜೊತೆ ಬಂದು ಬಾಗಿಲು ತೆರೆಯಿರಿ ಅಂದಿದ್ದ. ಇಡೀ ದೇಶ ಕುದೀತಾ ಇತ್ತು.

1858ರಲ್ಲಿ ನಾರಿಯಾಕಿರಾ ಸತ್ತ. ಶೋಗನ್ ಸರ್ಕಾರ ವಿರೋಧಿಗಳನ್ನು ಹಿಡಿಯೋಕೆ ಶುರು ಮಾಡ್ತು. ಸೈಗೊ ತನ್ನ ಜೊತೆ ತಪ್ಪಿಸಿಕೊಂಡು ಬಂದ ಗೆಶ್ಶೊ ಎಂಬ ಬೌದ್ಧ ಸನ್ಯಾಸಿಗೆ ಕಾಗೊಶಿಮಾದಲ್ಲಿ ಆಶ್ರಯ ಕೊಡಿಸಲಾಗಲಿಲ್ಲ. ಇಬ್ಬರೂ ಒಟ್ಟಿಗೆ ಸಮುದ್ರಕ್ಕೆ ಹಾರಿದರು. ಗೆಶ್ಶೊ ಸತ್ತ, ಸೈಗೊ ಉಳಿದ. ನನ್ನನ್ನು ನಂಬಿ ಬಂದವನನ್ನು ಉಳಿಸೋಕೆ ಆಗದಿದ್ದರೆ ಅವನ ಜೊತೆ ನಾನೂ ಹೋಗ್ತೀನಿ ಅನ್ನೋ ಮನಸ್ಸು ಅದು. ಇದು 1877ರಲ್ಲಿ ಮತ್ತೆ ಕಾಣುತ್ತೆ.

ಬದುಕಿದ ಸೈಗೊನನ್ನು ಸಂಸ್ಥಾನ ಹೆಸರು ಬದಲಿಸಿ ಅಡಗಿಸಿಟ್ಟಿದ್ದು ಎಲ್ಲಿ ಗೊತ್ತಾ? ಅದೇ ಸಕ್ಕರೆ ದ್ವೀಪ, ಅಮಾಮಿ ಒಶಿಮಾದಲ್ಲಿ. ಅಲ್ಲಿ ಮೂರು ವರ್ಷ. ಸ್ಥಳೀಯ ಹೆಣ್ಣುಮಗಳು ಐಕಾನಾಳನ್ನು ಮದುವೆಯಾದ, ಇಬ್ಬರು ಮಕ್ಕಳಾದರು. ದ್ವೀಪದ ಜನರ ಪಾಡು ನೋಡಿ ಅವನು ಕಂಗೆಟ್ಟು ಪತ್ರ ಬರೆದಿದ್ದಾನೆ. 1862ರಲ್ಲಿ ವಾಪಸ್ ಕರೆಸಿಕೊಂಡರು. ಕೆಲವೇ ತಿಂಗಳಲ್ಲಿ ಸಂಸ್ಥಾನದ ಅಧಿಕಾರ ನಡೆಸುತ್ತಿದ್ದ ಶಿಮಾಜು ಹಿಸಾಮಿತ್ಸು ಜೊತೆ ಜಗಳ, ಮತ್ತೆ ಗಡೀಪಾರು. ಈ ಸಲ ಇನ್ನೂ ದೂರದ ಒಕಿನೊಎರಾಬು ದ್ವೀಪ, ಗಾಳಿ ಮಳೆಗೆ ತೆರೆದ ಬೋನಿನಂಥ ಸೆರೆ. 1864ರಲ್ಲಿ ಬಿಡುಗಡೆ.

ಅಲ್ಲಿಂದ ಮುಂದಿನ ನಾಲ್ಕು ವರ್ಷ ಜಪಾನಿನ ಪಠ್ಯಪುಸ್ತಕದ ಭಾಗ. 1866ರಲ್ಲಿ ಬದ್ಧ ವೈರಿಗಳಾಗಿದ್ದ ಸತ್ಸುಮಾ ಮತ್ತು ಚೋಶೂ ಸಂಸ್ಥಾನಗಳ ರಹಸ್ಯ ಒಪ್ಪಂದ. 1867ರ ನವೆಂಬರ್‌ನಲ್ಲಿ ಕೊನೆಯ ಶೋಗನ್ ಯೋಶಿನೊಬು ಅಧಿಕಾರವನ್ನು ಚಕ್ರವರ್ತಿಗೆ ಒಪ್ಪಿಸಿದ. 1868ರ ಜನವರಿಯಲ್ಲಿ ಯುದ್ಧ, ಶೋಗನ್ ಕಡೆಗೆ ಸೋಲು. ಏಪ್ರಿಲ್‌ನಲ್ಲಿ ಸೈಗೊನ ಸೇನೆ ಎಡೊ ಬಾಗಿಲಲ್ಲಿತ್ತು. ದಾಳಿಗೆ ನಿಗದಿಯಾಗಿದ್ದ ದಿನದ ಹಿಂದಿನ ದಿನ ಸೈಗೊ, ಶೋಗನ್ ಕಡೆಯ ಕತ್ಸು ಕೈಶೂ ಜೊತೆ ಕೂತು ಮಾತಾಡಿ, ದಾಳಿ ನಿಲ್ಲಿಸಿದ. ಲಕ್ಷಗಟ್ಟಲೆ ಜನರಿದ್ದ ನಗರ ಸುಡದೆ ಉಳಿಯಿತು. ಅವನ ಬಗ್ಗೆ ನಾನು ಎಷ್ಟೇ ಟೀಕೆ ಓದಿದರೂ ಈ ಒಂದು ಎಂಟ್ರಿ ಕ್ರೆಡಿಟ್ ಕಡೆ ಹಾಗೇ ಉಳಿಯುತ್ತೆ.

ಈಗ ಲೆಕ್ಕಕ್ಕೆ ಬರೋಣ. ಹೊಸ ಮೇಜಿ ಸರ್ಕಾರ ಬಂತು. ಆದರೆ ದೇಶ ಇನ್ನೂ ಸಂಸ್ಥಾನಗಳಾಗಿ ಹಂಚಿಹೋಗಿತ್ತು, ಒಟ್ಟು 261. ತೆರಿಗೆ ಅಲ್ಲಿ, ಸೈನ್ಯ ಅಲ್ಲಿ, ಸಮುರಾಯ್‌ಗಳ ನಿಷ್ಠೆ ಅಲ್ಲಿ. 1871ರಲ್ಲಿ ಸೈಗೊನನ್ನು ಟೋಕಿಯೊಗೆ ಕರೆಸಿದರು. ಸತ್ಸುಮಾ, ಚೋಶೂ, ತೊಸಾ ಸಂಸ್ಥಾನಗಳ ಪಡೆಗಳನ್ನು ಸೇರಿಸಿ ಚಕ್ರವರ್ತಿಯ ಕಾವಲು ಸೇನೆ ಕಟ್ಟಿದರು. ಆಗಸ್ಟ್ 29ರಂದು ಒಂದೇ ಆಜ್ಞೆಯಲ್ಲಿ ಎಲ್ಲಾ ಸಂಸ್ಥಾನಗಳೂ ರದ್ದು. ಗಲಾಟೆ ಆದರೆ ಏನು ಮಾಡೋದು ಅಂತ ಮಂತ್ರಿಗಳು ಚರ್ಚೆ ಮಾಡ್ತಿದ್ದಾಗ, ಯಾರಾದರೂ ಎದ್ದರೆ ಸೈನ್ಯ ತಂದು ನಾನು ಮುಗಿಸ್ತೀನಿ ಅನ್ನೋ ಅರ್ಥದ ಸೈಗೊನ ಮಾತು ಆ ಚರ್ಚೆಗೆ ತೆರೆ ಎಳೆಯಿತು ಅಂತಾರೆ. ಕಾಗೊಶಿಮಾದಲ್ಲಿ ಹಿಸಾಮಿತ್ಸು ಕೋಪಕ್ಕೆ ರಾತ್ರಿಯಿಡೀ ಪಟಾಕಿ ಸಿಡಿಸಿದ ಅನ್ನೋ ಕಥೆ ಪ್ರಸಿದ್ಧ.

ಸಂಸ್ಥಾನಗಳ ಸಾಲ ಈಗ ಕೇಂದ್ರ ಸರ್ಕಾರದ ತಲೆ ಮೇಲೆ. ಸರ್ಕಾರ ಏನು ಮಾಡ್ತು? 1843 ಮತ್ತು ಅದಕ್ಕೂ ಹಿಂದಿನ ಸಾಲ ಪೂರ್ತಿ ರದ್ದು. 250 ವರ್ಷದ ಕಂತು ಅಲ್ಲಿಗೆ ಮುಗೀತು. ಸಾಲ ಕೊಟ್ಟ ವ್ಯಾಪಾರಿಗಳಿಗೆ ಪಂಗನಾಮ. ಆದರೆ ಇನ್ನೊಂದು ಬಾಕಿ ಇತ್ತಲ್ಲ, ಸಮುರಾಯ್‌ಗಳ ಸಂಬಳ? ಅದು ರದ್ದಾಗಲಿಲ್ಲ. ಮೊದಲೇ ಕಡಿತ ಆಗಿದ್ದರೂ ಸರ್ಕಾರದ ಆದಾಯದ ಸುಮಾರು ಮೂರನೇ ಒಂದು ಭಾಗ ಅದಕ್ಕೇ ಹೋಗ್ತಿತ್ತು. ರೈಲು ಹಾಕಬೇಕು, ಶಾಲೆ ಕಟ್ಟಬೇಕು, ಸೇನೆ ಕಟ್ಟಬೇಕು. ಮೂರು ರೂಪಾಯಿ ಬಂದರೆ ಒಂದು ರೂಪಾಯಿ ಕೆಲಸವೇ ಇಲ್ಲದ ಒಂದು ವರ್ಗದ ಸಂಬಳಕ್ಕೆ.

1871ರ ಕೊನೆಗೆ ಅರ್ಧ ಸರ್ಕಾರ ಇವಾಕುರಾ ನಿಯೋಗದಲ್ಲಿ ಅಮೆರಿಕ, ಯುರೋಪ್ ಪ್ರವಾಸಕ್ಕೆ ಹೋಯ್ತು. ಸೈಗೊನ ಬಾಲ್ಯದ ಗೆಳೆಯ, ಅದೇ ಬೀದಿಯಲ್ಲಿ ಬೆಳೆದ ಒಕುಬೊ ತೊಶಿಮಿಚಿಯೂ ಹೋದ. ಮನೆ ನೋಡಿಕೊಳ್ಳೋಕೆ ಉಳಿದ ಸರ್ಕಾರದ ಮುಖ್ಯ ವ್ಯಕ್ತಿ ಸೈಗೊ. ಆ ಅವಧಿಯಲ್ಲಿ ಏನೇನು ಜಾರಿಗೆ ಬಂತು ನೋಡಿ. 1872ರಲ್ಲಿ ಎಲ್ಲರಿಗೂ ಶಿಕ್ಷಣದ ಕಾನೂನು. 1873ರ ಜನವರಿಯಲ್ಲಿ ಕಡ್ಡಾಯ ಸೇನಾ ಸೇವೆ, ಅಂದ್ರೆ ರೈತನ ಮಗನೂ ಇನ್ಮುಂದೆ ಸೈನಿಕ. ಅದೇ ವರ್ಷ ಜುಲೈನಲ್ಲಿ ಹೊಸ ಭೂ ಕಂದಾಯ, ಜಮೀನಿನ ಬೆಲೆಯ ಶೇ. 3ರಷ್ಟನ್ನು ನಗದಿನಲ್ಲಿ ಕಟ್ಟಬೇಕು.

ಒಂದೊಂದೇ ಕಾನೂನು ಸಮುರಾಯ್ ಕಾಲಕೆಳಗಿನ ಚಾಪೆ ಎಳೆದಿದೆ. ಸಂಸ್ಥಾನ ಹೋದಾಗ ಯಜಮಾನ ಹೋದ. ರೈತ ಸೈನಿಕನಾದಾಗ ಸಮುರಾಯ್‌ನ ವೃತ್ತಿ ಹೋಯ್ತು. ಕಂದಾಯ ನಗದಾದಾಗ ಅಕ್ಕಿ ಸಂಬಳಕ್ಕೆ ತಳವೇ ಇಲ್ಲವಾಯ್ತು. ಇದೆಲ್ಲ ಆಗುವಾಗ ಸೈಗೊ ಸರ್ಕಾರದೊಳಗಿದ್ದ. ಹೊರಗೆ ನಿಂತು ಕಲ್ಲು ಹೊಡೆದವನಲ್ಲ.

ಆದರೆ ಅವನ ಹತ್ತಿರ ಇಲ್ಲದಿದ್ದದ್ದು ಒಂದೇ. ಈ ಲಕ್ಷಾಂತರ ಜನ ನಾಳೆ ಏನು ಮಾಡಬೇಕು? ಈ ಪ್ರಶ್ನೆಗೆ ಅವನ ಬಳಿ ಉತ್ತರ ಇರಲಿಲ್ಲ. ಅವನು ಹುಡುಕಿದ ಉತ್ತರಗಳನ್ನು ನೋಡಿದರೆ ಪ್ರತಿ ಸಲ ಬಿಲ್ ಬೇರೆ ಯಾರದ್ದೋ ಹೆಸರಿಗೆ ಹೋಗುತ್ತೆ.

ಮೊದಲನೆಯದು ಸಕ್ಕರೆ. ಸಂಸ್ಥಾನ ರದ್ದಾದ ಮೇಲೆ ಅಮಾಮಿಯ ಜನ ತಮ್ಮ ಸಕ್ಕರೆಯನ್ನು ತಮಗೆ ಬೇಕಾದವರಿಗೆ ಮಾರಬಹುದಾಗಿತ್ತು. ಕಾಗೊಶಿಮಾದವರು ಏನು ಮಾಡಿದರು? ಒಶಿಮಾ ಟ್ರೇಡಿಂಗ್ ಕಂಪನಿ ಅಂತ ಒಂದು ಕಂಪನಿ ಮಾಡಿ ಅದೇ ಹಳೇ ಏಕಸ್ವಾಮ್ಯವನ್ನು ಮುಂದುವರಿಸಿದರು. ಉದ್ದೇಶ, ಬಡ ಸಮುರಾಯ್‌ಗಳಿಗೆ ಆಸರೆ. ಈ ಯೋಚನೆಗೆ ಸೈಗೊನ ಒಪ್ಪಿಗೆ ಇತ್ತು. ಆ ದ್ವೀಪದಲ್ಲಿ ಮೂರು ವರ್ಷ ಬದುಕಿದವನು, ಆ ಜನರ ಕಷ್ಟ ನೋಡಿ ಮರುಗಿದವನು, ಅಲ್ಲೇ ಮಕ್ಕಳಿದ್ದವನು. ಮುಂದೆ ದ್ವೀಪದಿಂದ 50ಕ್ಕೂ ಹೆಚ್ಚು ಜನ ಇದರ ವಿರುದ್ಧ ಅರ್ಜಿ ಹಿಡಿದು ಕಾಗೊಶಿಮಾಗೆ ಬಂದಾಗ ಅವರನ್ನು ಜೈಲಿಗೆ ಹಾಕಿದರು. ಅವರಲ್ಲಿ ಕೆಲವರನ್ನು 1877ರ ಯುದ್ಧಕ್ಕೇ ಎಳೆದೊಯ್ದರು. ಸಮುರಾಯ್‌ಗಳ ಸಂಬಳಕ್ಕಾಗಿ ಕಬ್ಬು ಅರೆದವರು ಕೊನೆಗೆ ಸಮುರಾಯ್‌ಗಳ ಯುದ್ಧದಲ್ಲೂ ನಿಲ್ಲಬೇಕಾಯ್ತು.

ಎರಡನೆಯದು ಕೊರಿಯಾ. 1873ರಲ್ಲಿ ಕೊರಿಯಾ ಜೊತೆ ತಕರಾರು ಎದ್ದಾಗ, ನನ್ನನ್ನು ರಾಯಭಾರಿಯಾಗಿ ಕಳಿಸಿ ಅಂತ ಸೈಗೊ ಪಟ್ಟು ಹಿಡಿದ. ಅವನಿಗೆ ನಿಜವಾಗಿ ಬೇಕಿದ್ದದ್ದು ಮಾತುಕತೆಯೋ ಯುದ್ಧವೋ ಅಂತ ಇತಿಹಾಸಕಾರರು ಇವತ್ತಿಗೂ ಜಗಳ ಆಡ್ತಾರೆ. ಆದರೆ ಗೆಳೆಯ ಇತಾಗಾಕಿ ತೈಸುಕೆಗೆ ಆಗ ಬರೆದ ಪತ್ರಗಳು ಉಳಿದಿವೆ. ಅಲ್ಲಿಗೆ ಹೋದರೆ ನನ್ನನ್ನು ಕೊಲ್ಲಬಹುದು, ಆಗ ಯುದ್ಧಕ್ಕೆ ಕಾರಣ ಸಿಗುತ್ತೆ ಅನ್ನೋ ಮಾತಿದೆ. ಒಳಜಗಳಕ್ಕೆ ತುದಿಗಾಲಲ್ಲಿ ನಿಂತಿರೋರ ಮನಸ್ಸನ್ನು ಹೊರಗೆ ತಿರುಗಿಸಬಹುದು ಅನ್ನೋ ಮಾತೂ ಇದೆ. ನಮ್ಮೂರಿನ ನಿರುದ್ಯೋಗಕ್ಕೆ ಪಕ್ಕದ ದೇಶದ ಜನ ಬೆಲೆ ಕೊಡಲಿ ಅಂದ ಹಾಗೆ. ಯುರೋಪಿನಿಂದ ವಾಪಸ್ ಬಂದ ಒಕುಬೊ ಮತ್ತು ಇತರರು ಇದನ್ನು ತಡೆದರು, ಖಜಾನೆ ಖಾಲಿ ಅಂತ. 1873ರ ಅಕ್ಟೋಬರ್‌ನಲ್ಲಿ ಸೈಗೊ ರಾಜೀನಾಮೆ ಕೊಟ್ಟು ಕಾಗೊಶಿಮಾಗೆ ಹೊರಟ. ಜೊತೆಗೆ ನೂರಾರು ಸತ್ಸುಮಾ ಅಧಿಕಾರಿಗಳೂ ಸೈನಿಕರೂ ಹೊರಟರು.

ಮೂರನೆಯ ಉತ್ತರ, ಅವನ ಅತ್ಯಂತ ಪ್ರಾಮಾಣಿಕ ಉತ್ತರ ಅಂತ ನನಗನ್ನಿಸೋದು, ಶಾಲೆ ಮತ್ತು ಹೊಲ. 1874ರಲ್ಲಿ ಕಾಗೊಶಿಮಾದಲ್ಲಿ ಖಾಸಗಿ ಶಾಲೆಗಳು ಶುರುವಾದವು. ಪಾಠದ ಜೊತೆ ಸೈನಿಕ ತರಬೇತಿ. ಮರುವರ್ಷ ಯೊಶಿನೊ ಅನ್ನೋ ಕಡೆ ಪಾಳು ನೆಲ ಒಡೆದು ಸಾಗುವಳಿ ಮಾಡೋ ಶಾಲೆ. ಹಗಲು ಗುದ್ದಲಿ, ರಾತ್ರಿ ಪುಸ್ತಕ. ಸೈಗೊ ತಾನೇ ಹೊಲಕ್ಕಿಳಿದ. ಉಳಿದ ಸಮಯ ನಾಯಿಗಳನ್ನು ಕರೆದುಕೊಂಡು ಮೊಲದ ಬೇಟೆಗೆ ಹೋಗ್ತಿದ್ದ.

ಈ ಕಡೆ ಟೋಕಿಯೊದಲ್ಲಿ 1876. ಮಾರ್ಚ್‌ನಲ್ಲಿ ಆಜ್ಞೆ: ಸೇನೆ, ಪೊಲೀಸರನ್ನು ಬಿಟ್ಟು ಸಾಮಾನ್ಯರು ಯಾರೂ ಕತ್ತಿ ಧರಿಸಿ ಓಡಾಡುವಂತಿಲ್ಲ. ಆಗಸ್ಟ್‌ನಲ್ಲಿ ಅದಕ್ಕಿಂತ ದೊಡ್ಡ ಆಜ್ಞೆ: ಸಂಬಳ ಕಡ್ಡಾಯವಾಗಿ ಬಂದ್, ಬದಲಿಗೆ ಸರ್ಕಾರಿ ಬಾಂಡ್. ನನಗೆ ಈ ಇಡೀ ಕಥೆಯಲ್ಲಿ ಮೈ ಜುಂ ಎನ್ನಿಸೋದು ಇದೇ.

ಅಂಕಿ ಕೇಳಿ. ಒಟ್ಟು ಸುಮಾರು 3 ಲಕ್ಷ 13 ಸಾವಿರ ಜನರಿಗೆ 17 ಕೋಟಿ 40 ಲಕ್ಷ ಯೆನ್ ಮೊತ್ತದ ಬಾಂಡ್. ಮೇಲಿನ ದರ್ಜೆಯ, ಅಂದ್ರೆ ಹಳೇ ದೊರೆಗಳು, ದೊಡ್ಡ ಮನೆತನದವರು ಸುಮಾರು 500 ಜನ. ಅವರಿಗೆ ತಲಾ ಸರಾಸರಿ 60 ಸಾವಿರ ಯೆನ್ ಬಾಂಡ್, ಶೇ. 5 ಬಡ್ಡಿ. ವರ್ಷಕ್ಕೆ 3 ಸಾವಿರ ಯೆನ್. ಕೆಳಗಿನ ದರ್ಜೆಯವರು 2 ಲಕ್ಷ 62 ಸಾವಿರ ಜನ. ಅವರಿಗೆ ಸರಾಸರಿ 415 ಯೆನ್, ಶೇ. 7 ಬಡ್ಡಿ. ಬಡ್ಡಿ ದರ ಜಾಸ್ತಿ ಅಲ್ವಾ ಅನ್ಬಹುದು. ಗುಣಿಸಿ ನೋಡಿ. ವರ್ಷಕ್ಕೆ 29 ಯೆನ್. ಯೆನ್‌ಗೆ ನೂರು ಸೆನ್. ದಿನಕ್ಕೆ 8 ಸೆನ್. ಟೋಕಿಯೊದಲ್ಲಿ ಕೂಲಿ ಮಾಡೋನು ದಿನಕ್ಕೆ ಇದಕ್ಕಿಂತ ಜಾಸ್ತಿ ದುಡೀತಿದ್ದ. ಸಂಸಾರ ಸಾಕೋದು ಹೇಗೆ? ಬಾಂಡ್ ಮಾರಿ ಅಂಗಡಿ ಇಟ್ಟವರು ಬಹಳ. ಹೆಚ್ಚಿನವು ಮುಳುಗಿದವು. 'ಸಮುರಾಯ್ ವ್ಯಾಪಾರ' ಅಂದ್ರೆ ಗಂಧ ಗಾಳಿ ಗೊತ್ತಿಲ್ಲದೆ ಮಾಡಿ ಕೈ ಸುಟ್ಟುಕೊಳ್ಳೋದು ಅನ್ನೋ ನುಡಿಗಟ್ಟು ಜಪಾನಿ ಭಾಷೆಯಲ್ಲಿ ಇವತ್ತಿಗೂ ಇದೆ.

ಸರ್ಕಾರದ ಕಡೆಯಿಂದ ನೋಡಿದರೆ ಇದು ಅದ್ಭುತ ಲೆಕ್ಕಾಚಾರ. ಎಂದೂ ಮುಗಿಯದ ಖರ್ಚು ಒಂದು ನಿಗದಿತ ಸಾಲವಾಯ್ತು. ಅಸಲನ್ನು ಐದು ವರ್ಷ ಬಿಟ್ಟು, ಮೂವತ್ತು ವರ್ಷದೊಳಗೆ ತೀರಿಸಿದರೆ ಸಾಕು. ನ್ಯಾಯದ ಕಡೆಯಿಂದ ನೋಡಿದರೂ, ರೈತ ಬೆವರು ಸುರಿಸಿ ತುಂಬಿದ ಕಣಜದಿಂದ ಕೆಲಸವಿಲ್ಲದೆ ತಿನ್ನೋ ಹಕ್ಕು ಹುಟ್ಟಿನಿಂದ ಬರಬಾರದು. ನಾನು ಆ ನಿರ್ಧಾರದ ಪರ. ಆದರೆ ಸರಿಯಾದ ನಿರ್ಧಾರದ ಕೆಳಗೂ ದಿನಕ್ಕೆ 8 ಸೆನ್‌ನಲ್ಲಿ ಸಂಸಾರ ನಡೆಸಬೇಕಾದ ಒಂದು ಮನೆ ಇರುತ್ತೆ. ಬ್ಯಾಲೆನ್ಸ್ ಶೀಟ್‌ನಲ್ಲಿ ಆ ಮನೆಗೆ ಕಾಲಂ ಇಲ್ಲ.

ಇಲ್ಲೊಂದು ಸೂಕ್ಷ್ಮ ಹೇಳಲೇಬೇಕು, ಇಲ್ಲಾಂದ್ರೆ ಕಥೆ ತೀರಾ ಸಲೀಸಾಗಿಬಿಡುತ್ತೆ. ಹಿಂದೆ ಮಾರಲು ಕೊಳ್ಳಲು ಅವಕಾಶವಿದ್ದ ಸಂಬಳಗಳಿಗೆ ಶೇ. 10 ಬಡ್ಡಿಯ ವಿಶೇಷ ಬಾಂಡ್ ಕೊಟ್ಟರು. ಅದನ್ನು ಪಡೆದವರಲ್ಲಿ ಹೆಚ್ಚಿನವರು ಕಾಗೊಶಿಮಾದವರೇ. ಅಂದ್ರೆ ಹಸಿವೊಂದೇ ಕಾಗೊಶಿಮಾವನ್ನು ಎಬ್ಬಿಸಲಿಲ್ಲ. ಈ ಸರ್ಕಾರವನ್ನು ತಂದವರೇ ನಾವು, ನಮ್ಮ ಸೊಂಟದ ಕತ್ತಿಯನ್ನೇ ಕಿತ್ತುಕೊಂಡರಲ್ಲ ಅನ್ನೋ ಅವಮಾನ ಅದಕ್ಕಿಂತ ಬಿಸಿಯಾಗಿತ್ತು.

1877ರ ಜನವರಿ ಕೊನೆ. ಕಾಗೊಶಿಮಾದ ಮದ್ದುಗುಂಡುಗಳನ್ನು ಸರ್ಕಾರ ಗುಟ್ಟಾಗಿ ಸಾಗಿಸತೊಡಗಿತು. ಶಾಲೆಯ ಹುಡುಗರು ರಾತ್ರಿ ಶಸ್ತ್ರಾಗಾರಕ್ಕೆ ನುಗ್ಗಿ ದೋಚಿದರು. ಟೋಕಿಯೊದಿಂದ ಬಂದ ಪೊಲೀಸರನ್ನು ಹಿಡಿದು, ಸೈಗೊನನ್ನು ಕೊಲ್ಲೋಕೆ ಬಂದಿದ್ದೀವಿ ಅಂತ ಒಪ್ಪಿಸಿದರು. ಸೈಗೊ ಊರಲ್ಲಿರಲಿಲ್ಲ, ಬೇಟೆಗೆ ಹೋಗಿದ್ದ. ವಾಪಸ್ ಬಂದಾಗ ಅವನ ಮುಂದೆ ಎರಡೇ ದಾರಿ. ಹುಡುಗರನ್ನು ಸರ್ಕಾರಕ್ಕೆ ಒಪ್ಪಿಸೋದು, ಇಲ್ಲಾ ಅವರ ಮುಂದೆ ನಿಲ್ಲೋದು. ಸಮುದ್ರಕ್ಕೆ ಹಾರಿದ ಆ ರಾತ್ರಿ ನೆನಪಿದೆಯಲ್ಲ? ಅವನು ಮುಂದೆ ನಿಂತ.

ಫೆಬ್ರವರಿಯಲ್ಲಿ, ಅಲ್ಲಿ ಅಪರೂಪವಾದ ಹಿಮದ ನಡುವೆ, ಸುಮಾರು 13 ಸಾವಿರ ಜನ ಹೊರಟರು. ಘೋಷಣೆ ಏನಿತ್ತು ಗೊತ್ತಾ? ಸಂಬಳ ವಾಪಸ್ ಕೊಡಿ ಅಂತಲ್ಲ. ಸಂಸ್ಥಾನ ವಾಪಸ್ ಕೊಡಿ ಅಂತಲೂ ಅಲ್ಲ. ಸರ್ಕಾರವನ್ನು ಕೇಳಬೇಕಾದ್ದು ಸ್ವಲ್ಪ ಇದೆ ಅಂತ. ಅಷ್ಟೇ! ಹದಿಮೂರು ಸಾವಿರ ಜನ ಹೊರಟ ದಂಡಯಾತ್ರೆಗೆ ಬೇಡಿಕೆ ಪಟ್ಟಿಯೇ ಇಲ್ಲ. ಯಾಕೆ ಇಲ್ಲ ಅಂದ್ರೆ, ನನ್ನ ಓದಿನ ಪ್ರಕಾರ, ಬರೆಯೋಕೆ ಹೋದರೆ ಒಂದೊಂದು ಬೇಡಿಕೆಯೂ ಸೈಗೊ ತಾನೇ ಒಪ್ಪಿದ್ದ ಕಾನೂನಿನ ವಿರುದ್ಧ ಬರ್ತಿತ್ತು.

ಕುಮಾಮೊಟೊ ಕೋಟೆಯನ್ನು ಮುತ್ತಿದರು. ಒಳಗಿದ್ದ ನಾಲ್ಕು ಸಾವಿರಕ್ಕೂ ಕಡಿಮೆ ಜನರ ಪಡೆಯಲ್ಲಿ ಹೆಚ್ಚಿನವರು ಕಡ್ಡಾಯ ಸೇವೆಗೆ ಬಂದ ರೈತರ ಮಕ್ಕಳು. ಇವರು ಎಲ್ಲಿ ನಿಲ್ತಾರೆ ಅನ್ನೋ ತಾತ್ಸಾರ ಇತ್ತು. ಅವರು ಐವತ್ತಕ್ಕೂ ಹೆಚ್ಚು ದಿನ ನಿಂತರು. ಮಾರ್ಚ್‌ನಲ್ಲಿ ತಬಾರುಝಾಕಾ ಎಂಬ ಕಣಿವೆ ದಾರಿಯಲ್ಲಿ ಹದಿನೇಳು ದಿನ ಘೋರ ಕಾಳಗ. ಸಮುರಾಯ್‌ಗಳು ಸೋತರು. ತಾನು ಸರ್ಕಾರದಲ್ಲಿದ್ದಾಗ ಬಂದ ಕಾನೂನು ಕಟ್ಟಿದ ಸೇನೆಯೇ ಸೈಗೊನನ್ನು ಸೋಲಿಸಿತು.

ಈಗ ಯುದ್ಧದ ಖರ್ಚು. ಸರ್ಕಾರಕ್ಕೆ ತಗುಲಿದ್ದು ಸುಮಾರು 4 ಕೋಟಿ 15 ಲಕ್ಷ ಯೆನ್. ಹೆಚ್ಚುಕಡಿಮೆ ಒಂದು ವರ್ಷದ ಇಡೀ ತೆರಿಗೆ ಆದಾಯ. ಎಲ್ಲಿಂದ ತಂದರು? 2 ಕೋಟಿ 70 ಲಕ್ಷ ಯೆನ್ ಹೊಸ ನೋಟು ಮುದ್ರಿಸಿದರು. ಇನ್ನು 1 ಕೋಟಿ 50 ಲಕ್ಷ, ಅದೇ ವರ್ಷ ಶುರುವಾದ ಹದಿನೈದನೇ ನ್ಯಾಷನಲ್ ಬ್ಯಾಂಕ್‌ನಿಂದ ಸಾಲ. ಆ ಬ್ಯಾಂಕಿನ ಬಂಡವಾಳ ಯಾರದ್ದು? ಹಳೇ ದೊರೆಗಳದ್ದು ಮತ್ತು ಆಸ್ಥಾನದ ಕುಲೀನರದ್ದು. ತಮಗೆ ಸಿಕ್ಕಿದ ಆ ಬಾಂಡ್‌ಗಳನ್ನೇ ಬಂಡವಾಳವಾಗಿ ಹಾಕಿ ಕಟ್ಟಿದ ಬ್ಯಾಂಕ್ ಅದು. ಅಂದ್ರೆ ದೊರೆಯ ಬಾಂಡ್ ಬ್ಯಾಂಕ್ ಆಯ್ತು, ಬ್ಯಾಂಕಿನ ಸಾಲ ಗುಂಡು ಆಯ್ತು, ಗುಂಡು ದೊರೆಯ ಹಳೇ ಸಮುರಾಯ್ ಎದೆಗೆ ಬಿತ್ತು. ಯಾವ ಕಾದಂಬರಿಕಾರನೂ ಇಷ್ಟು ನೇರವಾಗಿ ಬರೆಯಲಾರ.

ಸೈಗೊ ಕಡೆಯವರೂ ದುಡ್ಡು ಮಾಡಿದರು. ಜೂನ್ ಹೊತ್ತಿಗೆ ಖಜಾನೆ ಬರಿದಾಗಿ, ಮಿಯಾಝಾಕಿ ಸೀಮೆಯಲ್ಲಿ ಬಟ್ಟೆ ಅಂಟಿಸಿದ ನೋಟುಗಳನ್ನು ಅಚ್ಚು ಹಾಕಿದರು. ಹತ್ತು ಸೆನ್‌ನಿಂದ ಹತ್ತು ಯೆನ್‌ವರೆಗೆ ಆರು ಬಗೆ, ಒಟ್ಟು ಸುಮಾರು 1 ಲಕ್ಷ 42 ಸಾವಿರ ಯೆನ್. ಜನ ಇದನ್ನು 'ಸೈಗೊ ನೋಟು' ಅಂತ ಕರೆದರು. ಸೈಗೊ ಹೆಸರಿನ ಮೇಲಿನ ನಂಬಿಕೆ, ಜೊತೆಗೆ ಸೈನಿಕರ ಹೆದರಿಕೆ, ಇವೆರಡೇ ಅದರ ಗ್ಯಾರಂಟಿ. ಅಕ್ಕಿ, ಬಟ್ಟೆ ಕೊಟ್ಟು ಈ ನೋಟು ತಗೊಂಡ ಸಣ್ಣ ವ್ಯಾಪಾರಿಗಳು, ರೈತರು ಯುದ್ಧದ ನಂತರ ಸರ್ಕಾರದ ಹತ್ತಿರ ಹೋದರು. ಸರ್ಕಾರ ಒಂದು ಸೆನ್ನೂ ಕೊಡಲಿಲ್ಲ. ಮತ್ತೆ ಬಿಲ್ ಬೇರೆಯವರ ಹೆಸರಿಗೆ.

ಸೆಪ್ಟೆಂಬರ್ 24, ಬೆಳಗಿನ ಜಾವ. ಕಾಗೊಶಿಮಾದ ಶಿರೊಯಾಮಾ ಗುಡ್ಡ. ಸೈಗೊ ಹುಟ್ಟಿದ ಊರಿನ ನೆತ್ತಿಯ ಮೇಲೇ. ಉಳಿದಿದ್ದವರು ನಾನೂರರ ಒಳಗೆ, ಸುತ್ತಲೂ ಸುಮಾರು 50 ಸಾವಿರ ಸರ್ಕಾರಿ ಸೈನಿಕರು. ಇಳಿದು ಬರುವಾಗ ಸೈಗೊಗೆ ಗುಂಡು ತಗುಲಿತು. ಜೊತೆಗಿದ್ದ ಬೆಪ್ಪು ಶಿನ್ಸುಕೆ ಅವನ ತಲೆ ಕಡಿದು ಮರ್ಯಾದೆಯ ಸಾವು ಕೊಟ್ಟ. ವಯಸ್ಸು 49. ಆ ಏಳೆಂಟು ತಿಂಗಳಲ್ಲಿ ಎರಡೂ ಕಡೆ ತಲಾ ಆರು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಮರುವರ್ಷ ಮೇ 14ರಂದು ಟೋಕಿಯೊದಲ್ಲಿ ಬಾಲ್ಯದ ಗೆಳೆಯ ಒಕುಬೊನನ್ನು ಅಸಮಾಧಾನಗೊಂಡ ಸಮುರಾಯ್‌ಗಳು ಕಡಿದು ಕೊಂದರು. ಒಂದೇ ಬೀದಿಯ ಇಬ್ಬರು ಹುಡುಗರು, ಎಂಟು ತಿಂಗಳ ಅಂತರ.

ಬಾಂಡ್ ಏನಾಯ್ತು ಅಂತ ಕೇಳ್ತೀರಾ? ಯುದ್ಧಕ್ಕೆ ಮುದ್ರಿಸಿದ ನೋಟುಗಳಿಂದ ಹಣದುಬ್ಬರ ಏರಿ, 1880ರ ಹೊತ್ತಿಗೆ ಅಕ್ಕಿ ಬೆಲೆ ಹೆಚ್ಚುಕಡಿಮೆ ಎರಡು ಪಟ್ಟಾಯ್ತು. ಬಾಂಡಿನ ಬಡ್ಡಿ ಮಾತ್ರ ಅದೇ 29 ಯೆನ್. ದಂಗೆ ಏಳದೆ ಸುಮ್ಮನಿದ್ದ ಸಮುರಾಯ್ ಮನೆಯ ಅನ್ನದಲ್ಲೂ ಅರ್ಧ ಹೋಯ್ತು. ಆಮೇಲೆ ಹಣದುಬ್ಬರ ಇಳಿಸೋಕೆ ಬಂದ ಹಣಕಾಸು ಮಂತ್ರಿ ಮತ್ಸುಕಾತಾ ಮಸಾಯೊಶಿಯೂ ಸತ್ಸುಮಾದವನೇ. ಅವನು ಎಳೆದ ಬ್ರೇಕ್‌ಗೆ ಬೆಳೆಯ ಬೆಲೆ ಕುಸಿದು ರೈತರು ಜಮೀನು ಕಳೆದುಕೊಂಡರು. ಅದು ಇನ್ನೊಂದು ಎಪಿಸೋಡ್.

1889ರಲ್ಲಿ ಸಂವಿಧಾನ ಬಂದಾಗ ಸರ್ಕಾರ ಸೈಗೊಗೆ ಕ್ಷಮೆ ಕೊಟ್ಟು, ಪದವಿ ವಾಪಸ್ ಕೊಟ್ಟಿತು. 1898ರಲ್ಲಿ ಟೋಕಿಯೊದ ಉಎನೊ ಪಾರ್ಕಿನಲ್ಲಿ ಪ್ರತಿಮೆ ನಿಂತಿತು. ಯೂನಿಫಾರ್ಮ್ ಇಲ್ಲ, ಸಾದಾ ಬಟ್ಟೆ, ಜೊತೆಗೆ ನಾಯಿ. ಬೇಟೆಗೆ ಹೊರಟ ಊರಿನ ಹಿರಿಯನ ಹಾಗೆ. ಅವನದ್ದು ಅಂತ ಖಚಿತವಾದ ಫೋಟೊ ಒಂದೂ ಇಲ್ಲ. ಎಲ್ಲರೂ ನೋಡಿರೋ ಆ ಪ್ರಸಿದ್ಧ ಚಿತ್ರವನ್ನು ಸತ್ತ ಮೇಲೆ, ಅವನ ತಮ್ಮ ಮತ್ತು ಸೋದರಸಂಬಂಧಿಯ ಮುಖಗಳನ್ನು ಸೇರಿಸಿ ಬಿಡಿಸಿದ್ದು ಎದುವಾರ್ದೊ ಕಿಯೊಸ್ಸೊನೆ ಅನ್ನೋ ಇಟಲಿಯವನು. ಅವನ ಕೆಲಸ ಏನು ಗೊತ್ತಾ? ಜಪಾನ್ ಸರ್ಕಾರಕ್ಕೆ ನೋಟುಗಳ ಅಚ್ಚು ಕೆತ್ತೋದು.

ಹಾಗಾದ್ರೆ ಸೈಗೊನನ್ನು ಎಲ್ಲಿ ಇಡೋದು? ಅವನು ಹಳೇ ಕಾಲವನ್ನು ಉಳಿಸೋಕೆ ಸತ್ತ ಅನ್ನೋ ಸಿನಿಮಾ ಕಥೆ ನನಗೆ ಒಪ್ಪಿಗೆಯಿಲ್ಲ. ಹಳೇ ಕಾಲ ಹೋಗಬೇಕು ಅನ್ನೋದಕ್ಕೆ ಅವನೇ ಸಹಿ ಹಾಕಿದ್ದ. ಅದರಿಂದ ಬೀದಿಗೆ ಬಿದ್ದವರನ್ನು ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಅವರಿಗೆ ಏನು ಕೊಡಬೇಕು ಅನ್ನೋದೂ ತಿಳಿಯಲಿಲ್ಲ. ಕೊನೆಗೆ ಕೊಡಲು ಉಳಿದಿದ್ದ ಒಂದನ್ನು, ತನ್ನ ಜೀವವನ್ನು ಕೊಟ್ಟ. ಅದು ದೊಡ್ಡ ಮಾತೇ. ಆದರೆ ಅವನ ಹಿಂದೆ ಹೊರಟ ಹುಡುಗರಿಗೆ ಬೇಕಿದ್ದದ್ದು ಜೊತೆಗೆ ಸಾಯೋ ನಾಯಕ ಅಲ್ಲ, ನಾಳೆ ಬೆಳಿಗ್ಗೆ ಎದ್ದು ಹೋಗೋಕೆ ಒಂದು ಕೆಲಸ. ಯೊಶಿನೊದ ಆ ಪಾಳು ನೆಲದಲ್ಲಿ ಗುದ್ದಲಿ ಹಿಡಿದಾಗ ಅವನು ಉತ್ತರಕ್ಕೆ ಅತ್ಯಂತ ಹತ್ತಿರ ಇದ್ದ ಅನ್ಸುತ್ತೆ ನನಗೆ. ಅದಕ್ಕೆ ಸಿಕ್ಕಿದ್ದು ಎರಡೇ ವರ್ಷ.

ಒಂದು ವ್ಯವಸ್ಥೆ ತಪ್ಪು ಅಂತ ಮುಚ್ಚುವಾಗ, ಅದನ್ನು ನಂಬಿ ಬದುಕಿದವರ ಲೆಕ್ಕ ಯಾರು ಬರೀಬೇಕು? ಮುಚ್ಚಿದವರೇ ಬರೀಬೇಕು ಅಂತ ನನ್ನ ಅನಿಸಿಕೆ. ಆ ಲೆಕ್ಕವನ್ನು ಇನ್ನೊಬ್ಬ ಬಡವನ ಖಾತೆಗೆ ವರ್ಗಾಯಿಸೋದು ಪರಿಹಾರ ಅಲ್ಲ. ಅಮಾಮಿಯಿಂದ ಅರ್ಜಿ ಹಿಡಿದು ಬಂದ ಆ ಐವತ್ತು ಚಿಲ್ಲರೆ ಜನರಿಗೆ ಉಎನೊದಲ್ಲಿ ಪ್ರತಿಮೆ ಇಲ್ಲ. ಅವರನ್ನೂ ಇವತ್ತು ನೆನಪಿಸಿಕೊಂಡ್ವಿ ಅನ್ನೋದು ನನಗೆ ಸಮಾಧಾನ.

ಇವತ್ತಿಗೆ ಇಷ್ಟು. ನಿಮಗೇನು ಅನ್ನಿಸ್ತು, ಬರೆದು ತಿಳಿಸಿ. ಸೈಗೊ ಮಾಡಿದ್ದು ಸರಿ ಅನ್ನೋರು ಇನ್ನೂ ಜೋರಾಗಿ ಬರೀರಿ, ಓದಿ ಮಾತಾಡೋಣ. ಮುಂದಿನ ವಾರ ಸಿಗೋಣ. ನಮಸ್ಕಾರ.